ಪೆಟ್ರೋಲ್ ಬದಲಿಸಿದಿರಿ, ಜೆಟ್ ಯಾರು ಬದಲಿಸಬೇಕು?

ಬಾಗಲಕೋಟೆಯ ನವನಗರದಲ್ಲಾಗಲಿ, ಬಾದಾಮಿಯಲ್ಲಾಗಲಿ, ಹುನಗುಂದ-ಇಳಕಲ್ ರಸ್ತೆಯಲ್ಲಾಗಲಿ ಇವತ್ತು ಬಂಕಿಗೆ ಹೋಗಿ ನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿದರೆ ಟ್ಯಾಂಕಿಗೆ ಬೀಳುವುದು ಬರೀ ಪೆಟ್ರೋಲ್ ಅಲ್ಲ. ಐದರಲ್ಲಿ ಒಂದು ಪಾಲು ಎಥೆನಾಲ್. ಇದಕ್ಕೆ ಇ-20 ಅಂತ ಹೆಸರು. 2023ರ ಫೆಬ್ರುವರಿ 6ರಂದು ಪ್ರಧಾನಿಯವರು ಇದಕ್ಕೆ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಅವತ್ತು 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಇದು ಸಿಗುತ್ತಿತ್ತು. 2025ರ ಹೊತ್ತಿಗೆ ಇಡೀ ದೇಶ ಶೇ 20 ಮುಟ್ಟಿತು. 2018ರ ಜೈವಿಕ ಇಂಧನ ನೀತಿ ಇಟ್ಟುಕೊಂಡಿದ್ದ ಗುರಿ 2030. ಐದು ವರ್ಷ ಮೊದಲೇ ಮುಟ್ಟಿದೆವು ಎಂದು ಹಾರ ತುರಾಯಿ ಎಲ್ಲ ಆಯಿತು.

ಆದರೆ ಆ ಪೆಟ್ರೋಲ್ ಎಂಜಿನ್ ಸೇರುವ ಮೊದಲು ಒಂದು ಸಣ್ಣ ತೂತಿನ ಮೂಲಕ ಹಾಯ್ದು ಹೋಗಬೇಕು. ಹಳೆಯ ಗಾಡಿಗಳಲ್ಲಿ ಆ ತೂತು ಇರುವುದು ಕಾರ್ಬುರೇಟರಿನೊಳಗಿನ ಹಿತ್ತಾಳೆಯ ಜೆಟ್‌ನಲ್ಲಿ. ಪೆಟ್ರೋಲ್ ಬದಲಾಯಿತು, ಜೆಟ್ ಬದಲಾಗಲಿಲ್ಲ. ಬದಲಿಸಬೇಕೋ ಬೇಡವೋ, ಬದಲಿಸಿದರೆ ಯಾವ ನಂಬರಿನದು ಹಾಕಬೇಕು ಎಂದು ನಮ್ಮ ನಾಲ್ಕು ಊರುಗಳ ರಸ್ತೆಬದಿ ಗ್ಯಾರೇಜುಗಳಿಗೆ ಸರ್ಕಾರವಾಗಲಿ, ಎಣ್ಣೆ ಕಂಪನಿಯಾಗಲಿ, ಗಾಡಿ ಕಂಪನಿಯಾಗಲಿ ಒಂದು ಹಾಳೆ ಕನ್ನಡದಲ್ಲಿ ಬರೆದು ಕೊಟ್ಟದ್ದನ್ನು ನಾವು ಕಂಡಿಲ್ಲ. ನಮ್ಮ ತಕರಾರು ಇದು.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇವೆ. ನಾವು ಎಥೆನಾಲ್ ವಿರೋಧಿಗಳಲ್ಲ. ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಕಬ್ಬಿನ ಮೇಲೆ ನಿಂತ ಜಿಲ್ಲೆ ನಮ್ಮದು. 2025ರ ನವೆಂಬರ್‌ನಲ್ಲಿ ಟನ್‌ಗೆ 3,500 ರೂಪಾಯಿ ಬೇಕೆಂದು ಬೆಳಗಾವಿ, ಬಾಗಲಕೋಟೆಯ ರೈತರು ರಸ್ತೆಯಲ್ಲಿ ಕುಂತದ್ದನ್ನು ಕಂಡವರು ನಾವು. ಸಕ್ಕರೆಯ ಜೊತೆಗೆ ಎಥೆನಾಲ್ ಮಾರಿ ಕಾರ್ಖಾನೆಗೆ ದುಡ್ಡು ಬಂದರೆ, ಅದು ರೈತನ ಬಿಲ್ಲಿಗೂ ಬಂದರೆ, ನಮಗೆ ಸಂತೋಷವೇ. ಹೊರದೇಶದ ಕಚ್ಚಾತೈಲ ಕಡಿಮೆಯಾದರೆ ಅದೂ ಒಳ್ಳೆಯದೇ. ಎಥೆನಾಲಿಗೆ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಅದು ತಂಪನ್ನೂ ಕೊಡುತ್ತದೆ. ಅಂದರೆ ಇಂಧನವಾಗಿ ಅದು ಕೆಟ್ಟದ್ದಲ್ಲ. ತಪ್ಪು ಅದರದ್ದಲ್ಲ, ಅದಕ್ಕೆ ತಕ್ಕ ಸೆಟ್ಟಿಂಗ್ ಹೇಳಿಕೊಡದವರದು.

ಲೆಕ್ಕ ಬಹಳ ಕಷ್ಟದ್ದೇನಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥೆನಾಲಿಗೆ 9 ಕಿಲೋ ಸಾಕು. ಎರಡನ್ನೂ ಇ-20ಯ ಅಳತೆಯಲ್ಲಿ ಬೆರೆಸಿದರೆ ಬೇಕಾಗುವ ಗಾಳಿ ಸುಮಾರು 13.5 ಕಿಲೋ. ಎಂಜಿನ್ ಎಳೆದುಕೊಳ್ಳುವ ಗಾಳಿ ಮೊದಲಿನಷ್ಟೇ ಇರುತ್ತದೆ, ಆದ್ದರಿಂದ ಆ ಗಾಳಿಗೆ ಸರಿಹೊಂದಲು ಇಂಧನ ಸುಮಾರು ಶೇ 8ರಷ್ಟು ಹೆಚ್ಚು ಹೋಗಬೇಕು. ಜೆಟ್‌ನ ತೂತು ಮೊದಲಿನಷ್ಟೇ ಇದ್ದರೆ ಹೆಚ್ಚು ಹೋಗುವುದು ಹೇಗೆ? ಮಿಕ್ಸ್ಚರ್ ತೆಳುವಾಗುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಹೇಳಬೇಕೆಂದರೆ 'ಲೀನ್' ಆಗುತ್ತದೆ. ಗಾಡಿ ಮುಂಜಾನೆ ಬೇಗ ಚಾಲೂ ಆಗುವುದಿಲ್ಲ, ಪಿಕಪ್ ಕೊಟ್ಟಾಗ ಕೆಮ್ಮುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ಕಾಯುತ್ತದೆ.

ಹೊಸ ಗಾಡಿಗಳಿಗೆ ಈ ತಾಪತ್ರಯ ಕಡಿಮೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಬೈಕುಗಳಲ್ಲೂ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಅದರ ಸೈಲೆನ್ಸರ್ ಪೈಪಿನಲ್ಲಿ ಕೂತ ಸೆನ್ಸರ್ ಹೊಗೆಯಲ್ಲಿನ ಆಮ್ಲಜನಕ ನೋಡಿ, ಇಂಧನ ಎಷ್ಟು ಬಿಡಬೇಕೆಂದು ತಾನೇ ತಿದ್ದಿಕೊಳ್ಳುತ್ತದೆ. ಕಾರ್ಬುರೇಟರಿಗೆ ಮೂಗಿಲ್ಲ. ಯಾರೋ ಎಂದೋ ಕೊರೆದ ತೂತಿನಷ್ಟೇ ಅದರ ಬುದ್ಧಿ. ಅದಕ್ಕೆ ಬುದ್ಧಿ ಹೇಳಬೇಕಾದವನು ಮೆಕ್ಯಾನಿಕ್. ಆ ಮೆಕ್ಯಾನಿಕ್‌ನಿಗೆ ಬುದ್ಧಿ ಹೇಳುವವರು ಯಾರು?

ಈ ಪ್ರಶ್ನೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಕಾರ್ಬುರೇಟರ್ ಕೆಲಸದಲ್ಲೇ ಅತಿ ನಾಜೂಕಿನ ಕೆಲಸವನ್ನು ನೋಡಬೇಕು. ಅದು ಗಾಳಿಯಿಂದ ತಣಿಯುವ ಎಂಜಿನ್ನಿಗೆ ಜೋಡಿ ಕಾರ್ಬುರೇಟರ್ ಕೂಡಿಸುವ ಕೆಲಸ. ನಮ್ಮ ಕಡೆ ಇದಕ್ಕೆ ಹೆಸರಾದದ್ದು ರಾಜದೂತ್ 350. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ 1980ರ ದಶಕದಲ್ಲಿ ಮಾಡಿದ ಟೂ-ಸ್ಟ್ರೋಕ್ ಗಾಡಿ. ಎರಡು ಸಿಲಿಂಡರ್, ಎರಡು ಮಿಕುನಿ ಕಾರ್ಬುರೇಟರ್. ಜಗತ್ತಿಗೆ ಇದನ್ನು ಕಲಿಸಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನ್. ಹಿಂದುಗಡೆ ಎಂಜಿನ್, ರೇಡಿಯೇಟರ್ ಇಲ್ಲ, ನೀರಿಲ್ಲ, ಫ್ಯಾನಿನ ಗಾಳಿಯೇ ಗತಿ. 1972ರ ಮಾದರಿಗೆ ಬಂದ 1.7 ಲೀಟರ್ ಎಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಸೊಲೆಕ್ಸ್ ಕಾರ್ಬುರೇಟರ್ ಇಟ್ಟರು. ನಡುವೆ ಒಂದೇ ಕಾರ್ಬುರೇಟರ್ ಇದ್ದರೆ ಉದ್ದ ಪೈಪಿನಲ್ಲಿ ಪೆಟ್ರೋಲ್ ತಣ್ಣಗಾಗಿ ಹನಿಗಟ್ಟುತ್ತದೆ. ಸಿಲಿಂಡರಿನ ತಲೆ ಮೇಲೇ ಕೂತರೆ ಆ ತೊಂದರೆ ಇಲ್ಲ.

ಆದರೆ ಎರಡು ಕಾರ್ಬುರೇಟರ್ ಅಂದರೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ಮುಂದೆ, ಒಂದು ಹಿಂದೆ ಆದರೆ ಬಂಡಿ ಸಾಗದು. ಅದಕ್ಕೇ ಈ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಕಾರ್ಬುರೇಟರ್ ಮುಟ್ಟಲೇಬಾರದು. ಟ್ಯಾಪೆಟ್, ಪಾಯಿಂಟ್ ಗ್ಯಾಪ್, ಟೈಮಿಂಗ್, ಪ್ಲಗ್ ಸರಿ ಇವೆಯೇ ನೋಡಬೇಕು. ಕಾರ್ಬುರೇಟರ್ ಕೂರುವ ಬುಡದ ಗ್ಯಾಸ್ಕೆಟ್, ರಬ್ಬರ್ ಎಲ್ಲಿಯಾದರೂ ಗಾಳಿ ಕುಡಿಯುತ್ತಿವೆಯೇ ಪರೀಕ್ಷಿಸಬೇಕು. ಎರಡರ ಫ್ಲೋಟ್ ಮಟ್ಟವೂ ಒಂದೇ ಇರಬೇಕು. ಆಮೇಲೆ ಎಂಜಿನ್ ಚೆನ್ನಾಗಿ ಕಾಯಿಸಿ, ಎರಡನ್ನೂ ಜೋಡಿಸುವ ಕಂಬಿ ಕಳಚಿ, ಸ್ಲೋ ಸ್ಕ್ರೂ ತಿರುಗಿಸಿ ಎರಡೂ ಬಾಯಿಗಳು ಎಳೆಯುವ ಗಾಳಿಯನ್ನು ಸಮ ಮಾಡಬೇಕು. ಮೀಟರ್ ಇದ್ದವರು ಮೀಟರ್ ಹಿಡಿಯುತ್ತಾರೆ. ಇಲ್ಲದವರು ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿದು 'ಸುಂಯ್' ಸದ್ದು ಎರಡೂ ಕಡೆ ಒಂದೇ ಆಗುವವರೆಗೆ ತಿರುಗಿಸುತ್ತಾರೆ. ನಂತರ ಮಿಕ್ಸ್ಚರ್ ಸ್ಕ್ರೂ. ಕೊನೆಗೆ ಕಂಬಿ ಜೋಡಿಸಿ, ಆಕ್ಸಿಲರೇಟರ್ ತುಸು ಎತ್ತಿ, ಸಮ ಇದೆಯೇ ಎಂದು ಮತ್ತೊಮ್ಮೆ ನೋಡಬೇಕು. ವ್ಯಾನಿನ ಎಂಜಿನ್ ಕಾದಾಗ ಅಡ್ಡಡ್ಡ ಹಿಗ್ಗುತ್ತದೆ, ಕಂಬಿಯ ಅಳತೆ ತಪ್ಪುತ್ತದೆ. ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗ್ ರಸ್ತೆಯಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ನಾಜೂಕು ಮಾಡಿದ ಮೇಲೂ ಇ-20 ಕೈಕೊಡುವ ಜಾಗ ಒಂದಿದೆ. ನಾವು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ.

ಮಿಕ್ಸ್ಚರ್ ಸ್ಕ್ರೂ, ಏರ್ ಸ್ಕ್ರೂ ಅಂತ ಕರೆಯುವ ಆ ಸಣ್ಣ ತಿರುಪು ಸ್ಲೋನಲ್ಲಿ ಗಾಡಿ ನಿಂತಾಗಿನ ಮಾತು ಮಾತ್ರ ಕೇಳುತ್ತದೆ. ಗಾಡಿ ಕೆಮ್ಮುತ್ತಿದೆ ಎಂದು ಗಿರಾಕಿ ಬಂದರೆ ಮೆಕ್ಯಾನಿಕ್ ಅದನ್ನು ಅರ್ಧ ಸುತ್ತು ತಿರುಗಿಸುತ್ತಾನೆ. ಗಾಡಿ ಗ್ಯಾರೇಜಿನ ಮುಂದೆ ಗುಟುಗುಟು ಅನ್ನುತ್ತದೆ, ಬಜಾರದಲ್ಲಿ ಚಂದ ಓಡುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಅದೇ ಗಾಡಿ ಇಳಕಲ್ ದಾಟಿ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಇಂಧನ ಬರುವುದು ಮೇನ್ ಜೆಟ್‌ನಿಂದ. ಅಲ್ಲಿ ಹಳೆಯ ತೂತೇ ಇದೆ. ಸ್ಲೋ ಸೆಟ್ಟಿಂಗ್ ಸರಿ ಕಂಡಿತು ಎಂಬ ಕಾರಣಕ್ಕೇ ಮೇನ್ ಜೆಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲು, ತಣಿಸಲು ಬಿಸಿಗಾಳಿ, ಒಳಗೆ ತೆಳು ಮಿಕ್ಸ್ಚರ್. ನೀರಿನ ಎಂಜಿನ್ನಾದರೆ ಟೆಂಪರೇಚರ್ ಮುಳ್ಳು ಏರಿ ಎಚ್ಚರಿಸುತ್ತದೆ. ಗಾಳಿ ಎಂಜಿನ್ನಿನಲ್ಲಿ ಆ ಮುಳ್ಳೂ ಇರುವುದಿಲ್ಲ. ಟೂ-ಸ್ಟ್ರೋಕ್ ಆದರೆ ಇನ್ನೂ ಸೂಕ್ಷ್ಮ. ಪಿಸ್ಟನ್ ಸೀಜ್ ಆದ ಮೇಲೇ ಗೊತ್ತಾಗುವುದು. ಜೋಡಿ ಕಾರ್ಬುರೇಟರಿನಲ್ಲಿ ಎರಡೂ ತುಸು ಹೆಚ್ಚು ಕಡಿಮೆ ಇದ್ದರೆ, ಹೆಚ್ಚು ತೆಳುವಾದ ಕಡೆಯ ಸಿಲಿಂಡರ್ ಮೊದಲು ಹೋಗುತ್ತದೆ. ಆಗ ಬೈಗುಳ ಬೀಳುವುದು ಮೆಕ್ಯಾನಿಕ್‌ಗೆ. ಇಂಧನ ಬದಲಿಸಿದವರಿಗೆ ಅಲ್ಲ.

ಇದಕ್ಕೆ ಮದ್ದು ಏನು? ಸೊಲೆಕ್ಸ್ ಜೆಟ್ ಮೇಲೆ 130 ಎಂದು ಕೆತ್ತಿದ್ದರೆ ತೂತು 1.30 ಮಿಲಿಮೀಟರ್ ಎಂದರ್ಥ. ಅದರ ಬದಲು 135 ಹಾಕಿದರೆ ತೂತಿನ ವಿಸ್ತಾರ ಸುಮಾರು ಶೇ 8 ಹೆಚ್ಚುತ್ತದೆ. ಬೇಕಾದದ್ದೂ ಹತ್ತಿರಹತ್ತಿರ ಅಷ್ಟೇ. ಹಿತ್ತಾಳೆಯ ಒಂದು ಸಣ್ಣ ತುಂಡು ಬದಲಿಸುವ ಕೆಲಸ. ಮಿಕುನಿಯ ಎಲ್ಲ ಜೆಟ್‌ಗಳ ನಂಬರೂ ಮಿಲಿಮೀಟರ್ ಲೆಕ್ಕದವಲ್ಲ, ಅಲ್ಲಿ ಕಂಪನಿಯ ಪಟ್ಟಿ ನೋಡಿಯೇ ಒಂದು ಮೆಟ್ಟಿಲು ಏರಬೇಕು. ತಂತಿ ಹಾಕಿ ಜೆಟ್ ಕೊರೆಯುವ ಚಾಳಿ ಬೇಡ, ತೂತು ಓರೆಯಾದರೆ ಲೆಕ್ಕವೇ ಕೆಡುತ್ತದೆ. ಬದಲಿಸಿದ ಮೇಲೆ ಗಾಡಿಯನ್ನು ಜೋರಾಗಿ ಓಡಿಸಿ, ಹಾಗೇ ಎಂಜಿನ್ ಬಂದ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ, ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಬೇಕು. ಸುಣ್ಣದಂತೆ ಬೆಳ್ಳಗಿದ್ದರೆ ಇನ್ನೂ ತೆಳು. ತಿಳಿ ಕಂದು ಇದ್ದರೆ ಸರಿ. ಕಪ್ಪು ಮಸಿ ಇದ್ದರೆ ಹೆಚ್ಚಾಯಿತು. ಎರಡೂ ಒಂದೇ ಬಣ್ಣ ಇದ್ದರೆ ಜೋಡಿ ಸರಿಯಾಗಿ ಕೂಡಿತು.

ಇದೆಲ್ಲ ಶೋಕಿ ಗಾಡಿಯವರ ಮಾತು, ನಮಗೇನು ಎನ್ನಬೇಡಿ. ಜೋಡಿ ಕಾರ್ಬುರೇಟರಿನ ಗಾಡಿ ನಮ್ಮಲ್ಲಿ ಬೆರಳೆಣಿಕೆ. ಆದರೆ ಒಂಟಿ ಕಾರ್ಬುರೇಟರಿನ, ಗಾಳಿಯಿಂದ ತಣಿಯುವ ಎಂಜಿನ್ನು ನಮ್ಮ ಮನೆ ಮನೆಯಲ್ಲಿದೆ. ಇಳಕಲ್ಲಿನ ನೇಕಾರ ಸೀರೆ ಗಂಟು ಹೇರಿಕೊಂಡು ಹೋಗುವ ಟಿವಿಎಸ್ ಎಕ್ಸ್‌ಎಲ್, ಬಾದಾಮಿಯಲ್ಲಿ ಪ್ರವಾಸಿಗರನ್ನು ಕೂಡಿಸಿಕೊಂಡು ಗುಹೆಗಳ ಕಡೆ ಹೋಗುವ ಹಳೆಯ ಪೆಟ್ರೋಲ್ ಆಟೊ, ಹುನಗುಂದದ ಮಾಸ್ತರರ ಹದಿನೈದು ವರ್ಷದ ಸ್ಪ್ಲೆಂಡರ್, ಮೈಸೂರಿನ ಐಡಿಯಲ್ ಜಾವಾದಲ್ಲಿ ಹುಟ್ಟಿದ ಯಜ್ದಿ. ಇವಕ್ಕೆಲ್ಲ ಅದೇ ನ್ಯಾಯ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ರೈತ ಬೆನ್ನಿಗೆ ಕಟ್ಟಿಕೊಳ್ಳುವ ಪವರ್ ಸ್ಪ್ರೇಯರ್, ಬದುವಿನ ಹುಲ್ಲು ಕೊಯ್ಯುವ ಬ್ರಷ್ ಕಟರ್. ಅವೂ ಗಾಳಿ ಎಂಜಿನ್ನೇ, ಅವುಗಳಲ್ಲೂ ಕಾರ್ಬುರೇಟರೇ. ತಾನೇ ಬೆಳೆದ ಕಬ್ಬಿನಿಂದ ಬಂದ ಎಥೆನಾಲ್ ರೈತನ ಬೆನ್ನ ಮೇಲಿನ ಎಂಜಿನ್ನಿಗೇ ವಾಪಸ್ ಬಂದಿದೆ. ಜೆಟ್ ನಂಬರ್ ಮಾತ್ರ ಬಂದಿಲ್ಲ.

ಅದರಲ್ಲೂ ಸ್ಪ್ರೇಯರ್ ಹಂಗಾಮಿಗೊಮ್ಮೆ ಓಡಿ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುವ ಸಾಮಾನು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ತೇವಕ್ಕೆ ಟ್ಯಾಂಕಿನಲ್ಲಿ ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟುಗೂಡಿ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಕಾರ್ಬುರೇಟರಿಗೆ ಮೊದಲು ಹೋಗುವುದು ತಳದ ನೀರೇ. ಹಳೆಯ ರಬ್ಬರ್ ಪೈಪು, ವಾಷರ್ ಉಬ್ಬುತ್ತವೆ, ಬಿರುಕು ಬಿಡುತ್ತವೆ, ಕಾರ್ಬುರೇಟರಿನ ಬಟ್ಟಲಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ ಎಂದು ಹೇಳಲು ಕೃಷಿ ಇಲಾಖೆಗೆ ಒಂದು ಕರಪತ್ರದ ಖರ್ಚು ಸಾಕು.

ಈಗ ಎದುರಾಗುವ ಮಾತುಗಳಿಗೆ ಬರೋಣ.

'ಮೈಲೇಜ್ ಅಲ್ಪಸ್ವಲ್ಪ ಇಳಿಯುತ್ತದೆ, ಅಷ್ಟೇ' ಅನ್ನುತ್ತಾರೆ. ಎಷ್ಟು ಎಂದು ಸರ್ಕಾರದ ಕಾಗದವೇ ಹೇಳಿದೆ. 2021ರ ಜೂನ್‌ನಲ್ಲಿ ನೀತಿ ಆಯೋಗ ಹೊರತಂದ ನಕ್ಷೆಯ ಪ್ರಕಾರ, ಬರೀ ಪೆಟ್ರೋಲಿಗೆಂದು ಮಾಡಿ ಇ-10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4, ನಾಲ್ಕು ಚಕ್ರದವುಗಳಲ್ಲಿ ಶೇ 6ರಿಂದ 7 ಇಳಿಕೆ. ಇ-10ಕ್ಕೂ ಹೊಂದಿಸದ ಹಳೆಯ ಗಾಡಿಗಳ ಗತಿ ಏನು? ಅದೇ ವರದಿ ಇನ್ನೂ ಎರಡು ಮಾತು ಹೇಳಿತ್ತು. ಹಳೆಯ ಗಾಡಿಗಳ ರಕ್ಷಣೆಗೆ ಇ-10 ಸಿಗುತ್ತಿರಬೇಕು. ಶಕ್ತಿ ಕಡಿಮೆ ಇರುವುದರಿಂದ ಬೆರಕೆ ಇಂಧನದ ದರವೂ ಕಡಿಮೆ ಇರಬೇಕು. ಗುರಿಯ ಮಾತು ಬೇಗ ಜಾರಿಯಾಯಿತು, ಈ ಎರಡು ಮಾತು ಕಾಗದದಲ್ಲೇ ಉಳಿದವು.

'ರಬ್ಬರ್ ಸಾಮಾನು ಅಗ್ಗ, ಬದಲಿಸಿಕೊಳ್ಳಿ' ಅನ್ನುತ್ತಾರೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸ್ಪಷ್ಟೀಕರಣದಲ್ಲೂ, ಕೆಲವು ಹಳೆಯ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದಿತ್ತು. ಒಪ್ಪೋಣ. ಯಾವ ಗಾಡಿಗೆ ಯಾವ ಭಾಗ? ಇ-20 ತಡೆಯುವ ರಬ್ಬರ್ ಇಳಕಲ್ ಬಜಾರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಯಾವ ಹೆಸರಿನಲ್ಲಿ ಸಿಗುತ್ತದೆ? ಅಗ್ಗ ಎಂದು ದಿಲ್ಲಿಯಲ್ಲಿ ಹೇಳುವುದು ಸುಲಭ. ಎಕ್ಸ್‌ಎಲ್ ಒಂದು ದಿನ ನಿಂತರೆ ಅದರ ಮೇಲೆ ತರಕಾರಿ ಮಾರುವವಳ ಅವತ್ತಿನ ದುಡಿಮೆಯೂ ನಿಂತಿತು.

'ಸುಪ್ರೀಂ ಕೋರ್ಟೇ ತೀರ್ಮಾನ ಮಾಡಿದೆ' ಅನ್ನುತ್ತಾರೆ. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಬೇಕೆಂದು ಕೋರಿದ ಅರ್ಜಿಯನ್ನು ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿದ್ದು ನಿಜ. ನಾವು ಅದನ್ನು ಕೇಳುತ್ತಿಲ್ಲ. ನಾವು ಕೇಳುತ್ತಿರುವುದು ಮಾಹಿತಿ. ಜೆಟ್ ನಂಬರ್ ಹೇಳಬೇಡಿ ಎಂದು ಯಾವ ಕೋರ್ಟೂ ಹೇಳಿಲ್ಲ.

'ಹಳೆ ಗಾಡಿ ಗುಜರಿಗೆ ಹಾಕಿ' ಅನ್ನುವವರೂ ಇದ್ದಾರೆ. ಅವರಿಗೆ ಬ್ರೆಜಿಲ್ ತೋರಿಸುತ್ತೇವೆ. ಅದೂ ಕಬ್ಬಿನ ನಾಡೇ. ತೈಲ ಬಿಕ್ಕಟ್ಟಿನ ಹೊಡೆತ ತಿಂದು 1975ರಲ್ಲಿ ಎಥೆನಾಲ್ ಯೋಜನೆ ಶುರು ಮಾಡಿದವರು. ಅಲ್ಲಿ ಆಗ ಓಡುತ್ತಿದ್ದದ್ದು ಇದೇ ಫೋಕ್ಸ್‌ವ್ಯಾಗನ್ ವ್ಯಾನ್. ಅಲ್ಲಿನವರು ಅದನ್ನು ಕೊಂಬಿ ಎನ್ನುತ್ತಾರೆ. ಅದೇ ಗಾಳಿ ಎಂಜಿನ್ನು, ಅದೇ ಜೋಡಿ ಕಾರ್ಬುರೇಟರ್. ಅವರು ಅದನ್ನು ಗುಜರಿಗೆ ಹಾಕಲಿಲ್ಲ. 1980ರ ದಶಕದಲ್ಲಿ ಪೂರ್ತಿ ಎಥೆನಾಲಿನ ಮೇಲೇ ಓಡುವ ಕೊಂಬಿಯನ್ನು ಕಂಪನಿಯೇ ಮಾರಿತು. ಜೆಟ್ ದೊಡ್ಡದು ಮಾಡಿದರು, ಎಂಜಿನ್ನಿನ ಕಂಪ್ರೆಷನ್ ಏರಿಸಿದರು, ತುಕ್ಕು ಹಿಡಿಯದಂತೆ ಕಾರ್ಬುರೇಟರಿಗೆ ನಿಕಲ್ ಲೇಪ ಕೊಟ್ಟರು. ಗಾಳಿ ಎಂಜಿನ್ನಿನ ಆ ವ್ಯಾನ್ 2005ರವರೆಗೂ ಅಲ್ಲಿ ತಯಾರಾಯಿತು. ಅಂದರೆ ಎಥೆನಾಲಿಗೂ ಜೋಡಿ ಕಾರ್ಬುರೇಟರಿಗೂ ಹುಟ್ಟು ವೈರವಿಲ್ಲ. ಅವರು ಇಂಧನದ ಜೊತೆ ಜೆಟ್ಟನ್ನೂ ಬದಲಿಸಿದರು. ನಾವು ಇಂಧನ ಬದಲಿಸಿ ಭಾಷಣ ಮಾಡಿದೆವು. ಎಥೆನಾಲಿನ ಮಾತು ಬಂದಾಗಲೆಲ್ಲ ಬ್ರೆಜಿಲ್ ಹೆಸರು ಹೇಳುವವರು ಈ ಅರ್ಧ ಕಥೆಯನ್ನು ಯಾಕೆ ನುಂಗುತ್ತಾರೆ?

ನಮ್ಮ ಕಸುಬಿನವರಿಗೂ ಒಂದು ಮಾತು. ಎಥೆನಾಲ್ ಘಟಕಕ್ಕೆ ಸಚಿವರು ಬಂದರೆ ಪತ್ರಿಕೆಯಲ್ಲಿ ನಾಲ್ಕು ಕಾಲಂ ಫೋಟೊ. ಬಂಕಿನಲ್ಲಿ 'ಪೆಟ್ರೋಲಿನಲ್ಲಿ ನೀರು' ಎಂದು ಗಲಾಟೆಯಾದರೆ ಮೂರು ಸಾಲು ಸುದ್ದಿ, ವಾಟ್ಸ್ಆ್ಯಪ್ ತುಂಬ ವಿಡಿಯೊ. ಬಂಕಿನವನು ಕಳ್ಳ ಎಂಬ ತೀರ್ಪು ಅಲ್ಲೇ ಆಗಿಬಿಡುತ್ತದೆ. ಅದು ಕಲಬೆರಕೆಯೋ, ತೇವಕ್ಕೆ ಎಥೆನಾಲ್ ತಳಕ್ಕಿಳಿದದ್ದೋ ಎಂದು ಕೇಳುವವರಿಲ್ಲ. ಸಚಿವರ ಭಾಷಣಕ್ಕೂ ವಾಟ್ಸ್ಆ್ಯಪ್ ಗಾಬರಿಗೂ ನಡುವೆ ಒಬ್ಬ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಹಿಡಿದು ನಿಂತಿದ್ದಾನೆ. ಸುದ್ದಿ ಇರುವುದು ಅವನ ಕೈಯಲ್ಲಿ. ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುವ ಸ್ಟ್ರಿಂಜರ್‌ಗೆ ಗ್ಯಾರೇಜಿನಲ್ಲಿ ಅರ್ಧ ದಿನ ಕೂರುವುದು ನಷ್ಟದ ಬಾಬತ್ತು, ಗೊತ್ತು. ಆದರೂ ಕೂರಬೇಕು. ಪತ್ರಿಕೋದ್ಯಮ ಓದಿದ್ದು ಪ್ರೆಸ್‌ನೋಟ್ ಟೈಪ್ ಮಾಡಲು ಅಲ್ಲವಲ್ಲ.

ನಾವು ಕೇಳುತ್ತಿರುವುದು ನಾಲ್ಕು.

ಒಂದು, ಪ್ರತಿ ಬಂಕಿನ ಪ್ರತಿ ಪಂಪಿನ ಮೇಲೆ ಎಥೆನಾಲ್ ಶೇಕಡಾ ಎಷ್ಟು ಎಂದು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಬರೆಯಿರಿ.

ಎರಡು, ನೀತಿ ಆಯೋಗದ ವರದಿಯೇ ಹೇಳಿದಂತೆ ತಾಲ್ಲೂಕಿಗೆ ಒಂದು ಬಂಕಿನಲ್ಲಾದರೂ ಇ-10 ಇಡಿ.

ಮೂರು, ಕಾರ್ಬುರೇಟರ್ ಇರುವ ಪ್ರತಿ ಮಾದರಿಗೂ ಇ-20ಗೆ ಯಾವ ಮೇನ್ ಜೆಟ್, ಯಾವ ಸ್ಲೋ ಜೆಟ್, ಯಾವ ರಬ್ಬರ್ ಎಂಬ ಪಟ್ಟಿಯನ್ನು ಗಾಡಿ ಕಂಪನಿಗಳು ಪ್ರಕಟಿಸಲಿ. ಬದಲಿಸಬೇಕಿಲ್ಲ ಎಂದಾದರೆ ಅದನ್ನಾದರೂ ಸಹಿ ಹಾಕಿ ಹೇಳಲಿ. ಕಂಪನಿಯೇ ಮುಚ್ಚಿದ್ದರೆ ಆ ಕೆಲಸ ಸರ್ಕಾರದ್ದು.

ನಾಲ್ಕು, ಸರ್ಕಾರಿ ಐಟಿಐಗಳಲ್ಲಿ ರಸ್ತೆಬದಿ ಮೆಕ್ಯಾನಿಕ್‌ಗಳಿಗೆ ಎರಡು ದಿನದ ತರಬೇತಿ ಕೊಡಿ. ಕನ್ನಡದಲ್ಲಿ ಕೊಡಿ, ಅವರ ದಿನದ ದುಡಿಮೆ ತುಂಬಿ ಕೊಡಿ, ಜೆಟ್‌ಗಳನ್ನು ಕೈಯಲ್ಲಿಟ್ಟು ಕಳಿಸಿ.

ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ಕೋಟಿಗಟ್ಟಲೆ ಹಣವೂ ಬೇಕಿಲ್ಲ. ಅಲ್ಲಿಯವರೆಗೆ ಓದುಗರಿಗೆ ನಮ್ಮ ಮಾತು ಇಷ್ಟು: ಕಾರ್ಬುರೇಟರ್ ಗಾಡಿ ಇದ್ದವರು ಈ ವಾರ ಒಮ್ಮೆ ಗ್ಯಾರೇಜಿಗೆ ಹೋಗಿ. ಬರೀ ಸ್ಲೋ ಸೆಟ್ಟಿಂಗ್ ಮಾಡಿಸಿ ಬರಬೇಡಿ. ಜೋರಾಗಿ ಓಡಿಸಿ ತಂದು ಪ್ಲಗ್ ಬಿಚ್ಚಿಸಿ ಬಣ್ಣ ನೋಡಿ, ಮೇನ್ ಜೆಟ್ ನಂಬರ್ ಬರೆದುಕೊಳ್ಳಿ, ಪೆಟ್ರೋಲ್ ಪೈಪು ಒತ್ತಿ ನೋಡಿ. ಗಾಡಿಯ ಮಾದರಿ, ಜೆಟ್ ನಂಬರ್, ಪ್ಲಗ್ಗಿನ ಬಣ್ಣ ಈ ಮೂರನ್ನು ನಮಗೆ ಬರೆದು ಕಳಿಸಿ. ಸರ್ಕಾರ ಕೊಡದ ಪಟ್ಟಿಯನ್ನು ನಾವೇ ಕಟ್ಟಿ, ಜಿಲ್ಲಾಧಿಕಾರಿಗಳ ಟೇಬಲ್ ಮೇಲೆ ಇಟ್ಟು, ಉತ್ತರ ಬರುವವರೆಗೆ ಕೇಳುತ್ತೇವೆ.